ಕ್ಯಾನ್ ನೀರಿನ ಹಿಂದೊಂದು ಕಡಲು

ಚನ್ನಪಟ್ಟಣದ ಕಡೆಯ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನುಗಳ ಸಾಲು ಯಾರಿಗೂ ಹೊಸದಲ್ಲ. ನಾಣ್ಯ ಹಾಕಿದರೆ 20 ಲೀಟರ್ ನೀರು ಬರುತ್ತದೆ, ಬೈಕಿನ ಮೇಲಿಟ್ಟುಕೊಂಡು ಮನೆಗೆ ಹೊರಡುತ್ತೇವೆ. 'ಫಿಲ್ಟರ್ ನೀರು' ಅಂತ ಅದಕ್ಕೊಂದು ಹೆಸರು, ಅಷ್ಟೇ. ಆದರೆ ಆ ಘಟಕದ ಬಾಗಿಲು ತೆಗೆಸಿ ಒಳಗೆ ನಿಂತು ನೋಡಿ, ಮೈ ಜುಮ್ಮೆನ್ನುತ್ತದೆ. ಚೆನ್ನೈ ನಗರಕ್ಕೆ ಸಮುದ್ರದಿಂದ ದಿನಕ್ಕೆ ಕೋಟಿಗಟ್ಟಲೆ ಲೀಟರ್ ಸಿಹಿನೀರು ತೆಗೆದುಕೊಡುತ್ತಿರುವ ವಿದ್ಯೆಯೇ ಇಲ್ಲೂ ಕೆಲಸ ಮಾಡುತ್ತಿದೆ!

ಅಡ್ಡಡ್ಡ ಕೂರಿಸಿದ ಉದ್ದನೆಯ ಕೊಳವೆಗಳು. ಅವುಗಳೊಳಗೆ ಚಾಪೆಯಂತೆ ಸುತ್ತಿಟ್ಟ ಪೊರೆ. ಉಪ್ಪನ್ನು ತಡೆಯುವ ಅದರ ಪದರ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಪಂಪು ಜೋರಾಗಿ ಒತ್ತಿದಾಗ ನೀರು ಮಾತ್ರ ಪೊರೆ ದಾಟುತ್ತದೆ, ಉಪ್ಪು ಮತ್ತು ಫ್ಲೋರೈಡಿನ ಬಹುಪಾಲು ಈಚೆಗೇ ಉಳಿಯುತ್ತದೆ. ಪಕ್ಕದ ಎರಡು ಪಾರದರ್ಶಕ ನಳಿಕೆಗಳಲ್ಲಿ ಪುಟ್ಟ ಬಿಲ್ಲೆಗಳು ಮೇಲೆ ಕೆಳಗೆ ಕುಣಿಯುತ್ತಿರುತ್ತವೆ. ಒಂದು ಒಳ್ಳೆಯ ನೀರಿನ ಲೆಕ್ಕ, ಇನ್ನೊಂದು ಉಪ್ಪು ಹೊತ್ತು ಹೊರಹೋಗುವ ರಿಜೆಕ್ಟ್ ನೀರಿನದು.

ಈ ಫ್ಲೋರೈಡ್ ಎಲ್ಲಿಂದ ಬಂತು? ನಮ್ಮ ಬೆಟ್ಟಗಳ ಕಲ್ಲಿನಿಂದಲೇ! ಮಾಗಡಿ, ರಾಮನಗರ, ಕನಕಪುರಗಳ ಉದ್ದಕ್ಕೂ ಹಾಸಿರುವ ಈ ಕಲ್ಲನ್ನು ಭೂವಿಜ್ಞಾನಿಗಳು ಜಗತ್ತಿನೆಲ್ಲೆಡೆ ಕರೆಯುವುದು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು. ಕ್ಲೋಸ್‌ಪೇಟೆ ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲದು. ಬೋರ್‌ವೆಲ್ ಆಳಕ್ಕಿಳಿದಷ್ಟೂ ಬಹುಕಾಲ ಕಲ್ಲಿನ ಸಂದಿಯಲ್ಲಿ ನಿಂತ ನೀರು ಸಿಗುತ್ತದೆ, ಅದರ ಜೊತೆಗೆ ಕಲ್ಲಿನ ಲವಣವೂ.

ಈ ಲವಣವನ್ನು ತಡೆಯುವ ಆ ಪೊರೆಯನ್ನು ಕೆಲಸಕ್ಕೆ ಬರುವಂತೆ ಮಾಡಿದವರಲ್ಲಿ ಒಬ್ಬರು ನಮ್ಮ ದೇಶದವರು! 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಿಡ್ನಿ ಲೋಬ್ ಜೊತೆ ಶ್ರೀನಿವಾಸ ಸೌರಿರಾಜನ್ ಅದನ್ನು ಸಾಧಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಊರು ಈ ವಿಧಾನದ ನೀರು ಕುಡಿಯಿತು. ಅದೂ ಸಮುದ್ರದ್ದಲ್ಲ, ನಮ್ಮಲ್ಲಿರುವಂತೆಯೇ ಸವುಳು ಅಂತರ್ಜಲ.

ಈಗ ಖರ್ಚಿಗೆ ಬನ್ನಿ. ಸಮುದ್ರದ ಪ್ರತಿ ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಆ ನೀರನ್ನು ಪೊರೆ ದಾಟಿಸಲು ವಾತಾವರಣದ ಅರವತ್ತು ಪಟ್ಟು ಒತ್ತಡ ಬೇಕು. ಒತ್ತಡವೆಂದರೆ ಕರೆಂಟು, ಕರೆಂಟೆಂದರೆ ದುಡ್ಡು. ಹಿಂದೆ ಸಾವಿರ ಲೀಟರಿಗೆ ಹತ್ತು ಯೂನಿಟ್‌ಗೂ ಹೆಚ್ಚು ನುಂಗುತ್ತಿದ್ದ ಕೆಲಸ ಇಂದು ಮೂರು ಯೂನಿಟ್ ಆಸುಪಾಸಿಗೆ ಇಳಿದಿದೆ. ಹೊರಹೋಗುವ ಉಪ್ಪುನೀರಿನಲ್ಲಿ ಉಳಿದ ಒತ್ತಡವನ್ನೇ ಹಿಡಿದು ಒಳಬರುವ ನೀರಿಗೆ ದಾಟಿಸುವ ಸಾಧನ ಬಂದದ್ದು ಇದಕ್ಕೆ ದೊಡ್ಡ ಕಾರಣ. ಒಳಬಂದ ಸಮುದ್ರದ ನೀರಿನ ಅರ್ಧದಷ್ಟನ್ನು ಸಿಹಿನೀರಾಗಿ ತೆಗೆಯಲು ಪ್ರಕೃತಿ ಸಾವಿರ ಲೀಟರಿಗೆ ಕೇಳುವ ಕನಿಷ್ಠ ಬೆಲೆ ಸುಮಾರು ಒಂದು ಯೂನಿಟ್. ಆ ಗೆರೆಯ ಕೆಳಗೆ ಯಾರೂ ಇಳಿಯಲಾರರು.

ಇನ್ನು ಹಾರೋಹಳ್ಳಿಗೆ ಬನ್ನಿ! ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ಇಲ್ಲಿ ಮತ್ತೆ ಪಂಪಾಗಿ ತಾತಗುಣಿ ಮೂಲಕ ಬೆಂಗಳೂರಿಗೆ ಏರುತ್ತಾಳೆ. ಒಟ್ಟು ಸುಮಾರು 500 ಮೀಟರ್ ಎತ್ತಬೇಕು. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು ನಷ್ಟವೇ ಇಲ್ಲವೆಂದರೂ 1.36 ಯೂನಿಟ್, ಪಂಪು, ಪೈಪಿನ ನಷ್ಟ ಸೇರಿಸಿದರೆ ಎರಡರ ಹತ್ತಿರ. ಕಡಲಿನ ಉಪ್ಪು ತೆಗೆಯುವುದಕ್ಕೂ ಕಾವೇರಿಯನ್ನು ಗುಡ್ಡ ಹತ್ತಿಸುವುದಕ್ಕೂ ವ್ಯತ್ಯಾಸ ಇಷ್ಟೇ!

ಹಾಗಾದರೆ ಕಡಲಿನ ನೀರು ನಮಗೂ ಬರಲಿ ಎನ್ನಬಹುದೇ? ರಾಮನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಏರಿಸುವುದಕ್ಕೇ ಕನಿಷ್ಠ ಎರಡು ಯೂನಿಟ್, ಜೊತೆಗೆ ಪಶ್ಚಿಮ ಘಟ್ಟ ದಾಟುವ ನೂರಾರು ಕಿಲೋಮೀಟರ್ ಪೈಪು. ಸೋಲಾರ್ ಕರೆಂಟು ಅಗ್ಗವಾದಂತೆ ಕಡಲ ನೀರು ಕರಾವಳಿಯ ಊರುಗಳನ್ನು ಕಾಯುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಚೆನ್ನೈನ ಮಿಂಜೂರಿನಲ್ಲಿ 2010ರಿಂದ, ನೆಮ್ಮೇಲಿಯಲ್ಲಿ 2013ರಿಂದ ಇದು ನಡೆದಿದೆ. ಮಂಗಳೂರಿನ ತಣ್ಣೀರುಬಾವಿಯಲ್ಲಿ ಎಂಆರ್‌ಪಿಎಲ್ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಘಟಕ ಕಟ್ಟಿಕೊಂಡಿದೆ. ನಮಗೆ ಗತಿ ಕಣ್ವ, ಮಂಚನಬೆಲೆ, ಅರ್ಕಾವತಿ ಮತ್ತು ಕೆರೆಗಳೇ.

ಆದ್ದರಿಂದ ಮುಂದಿನ ಸಲ ಕ್ಯಾನ್ ತುಂಬಿಸುವಾಗ ಆ ಎರಡನೇ ನಳಿಕೆಯನ್ನು ನೋಡಿ. ಎಷ್ಟೋ ಘಟಕಗಳಲ್ಲಿ ಎತ್ತಿದ ನೀರಿನ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ರಿಜೆಕ್ಟ್ ಪೈಪಿನಿಂದ ಚರಂಡಿ ಸೇರುತ್ತದೆ. ಕುಡಿಯಲು ಆಗದಿದ್ದರೂ ಶಾಲೆಯ ಶೌಚಾಲಯಕ್ಕೆ, ನೆಲ ತೊಳೆಯಲಿಕ್ಕೆ ಅದು ಸಾಕು. ಅದಕ್ಕೊಂದು ತೊಟ್ಟಿ ಕಟ್ಟಿಸಿ ಎಂದು ನಿಮ್ಮ ಪಂಚಾಯಿತಿಯನ್ನು ಮುಂದಿನ ಗ್ರಾಮಸಭೆಯಲ್ಲೇ ಕೇಳಿ.