ಹಾಲು ತಂಪಾಗದಿದ್ದರೆ ದೋಷ ಗ್ಯಾಸಿನದೋ, ಸೆನ್ಸರಿನದೋ?

ಮುಂಡಗೋಡ ತಾಲ್ಲೂಕಿನ ಮಳಗಿಯ ಕಡೆ ಭತ್ತ, ಗೋವಿನಜೋಳದ ಜೊತೆಗೆ ಒಂದೆರಡು ಹಸುವೋ ಎಮ್ಮೆಯೋ ಕಟ್ಟಿಕೊಂಡ ರೈತರಿದ್ದಾರೆ. ಆಗತಾನೆ ಕರೆದ ಹಾಲಿನ ಉಷ್ಣತೆ ಸುಮಾರು 37° ಸೆ. ಆ ಬಿಸಿಯಲ್ಲಿ ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೇ ಇಮ್ಮಡಿಯಾಗಬಲ್ಲವು. 4° ಸೆ.ಗೆ ಇಳಿಸಿದರೆ ಅವುಗಳ ಬೆಳವಣಿಗೆ ಬಹುಮಟ್ಟಿಗೆ ತಡೆಯುತ್ತದೆ. ಹಾಲು ಉತ್ಪಾದಕರ ಸಂಘಗಳಲ್ಲಿ ಬಲ್ಕ್ ಕೂಲರ್ ಇಡುವುದು ಇದಕ್ಕಾಗಿಯೇ. ಅದು ಒಂದು ರಾತ್ರಿ ಕೆಟ್ಟರೆ ಒಬ್ಬರ ಮನೆಯ ಹಾಲಲ್ಲ, ಊರ ಹಾಲೆಲ್ಲ ಹುಳಿಯಾಗುತ್ತದೆ.

ಹಾಲು ತಂಪಾಗದಿದ್ದಾಗ “ಗ್ಯಾಸ್ ಮುಗಿದಿದೆ, ತುಂಬಿಸಿ” ಎನ್ನುವುದು ರೂಢಿ. ಆದರೆ ಗ್ಯಾಸು ಡೀಸೆಲ್ಲಿನಂತೆ ಉರಿದು ತೀರುವುದಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸಿದರೆ ಹಣ ಗಾಳಿಗೆ ಹೋದಂತೆ.

ಆದ್ದರಿಂದ ಮೊದಲು ಥರ್ಮಾಮೀಟರ್ ಹಿಡಿಯಿರಿ. ಕಲಕುವ ಯಂತ್ರವನ್ನು ಎರಡು ಮೂರು ನಿಮಿಷ ಓಡಿಸಿ, ಒಂದು ಚೊಂಬು ಹಾಲು ತೆಗೆದು, ಅದರಲ್ಲಿ ಅದ್ದಿ ನೋಡಿ. ತೊಟ್ಟಿಯೊಳಗೆ ಗಾಜು ಇಳಿಸಬೇಡಿ. ಹಾಲು 4°, ಫಲಕ 9° ಎಂದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಕಂಪ್ರೆಸರ್ ನಿಲ್ಲದೆ ಓಡಿ ಹಾಲು ತಳದಲ್ಲಿ ಹೆಪ್ಪುಗಟ್ಟೀತು. ಹಾಲು 9° ಇದ್ದು ಫಲಕ 4° ತೋರಿದರೆ ಇನ್ನೂ ಕೆಟ್ಟದ್ದು. ಯಂತ್ರ ನಿಂತಿರುತ್ತದೆ, ಯಾರಿಗೂ ಅನುಮಾನ ಬಾರದು.

ಸೆನ್ಸರನ್ನು ಪರೀಕ್ಷಿಸಲು ಪುಡಿಮಾಡಿದ ಐಸಿಗೆ ಸ್ವಲ್ಪ ನೀರು ಬೆರೆಸಿ, ಅದರಲ್ಲಿ ಸೆನ್ಸರ್ ಇಟ್ಟು ನಾಲ್ಕೈದು ನಿಮಿಷ ಕಾಯಿರಿ. 0° ಹತ್ತಿರ ತೋರಿಸಬೇಕು. ತೋರಿಸಿದರೆ, ಅದು ತನ್ನ ಗೂಡಿನಲ್ಲಿ ಸರಿಯಾಗಿ ಕೂತಿರಲಿಲ್ಲವೆಂದು ಶಂಕಿಸಿ. ತೋರಿಸದಿದ್ದರೆ ತಂತಿಯನ್ನು ಇಲಿ ಕಡಿದಿದೆಯೇ, ಕೀಲಿಗೆ ತುಕ್ಕು ಹಿಡಿದಿದೆಯೇ ನೋಡಿ. ಮಳೆಗಾಲದಲ್ಲಿ ಇದು ಸಾಮಾನ್ಯ. ಪಿಟಿ-100 ಎಂಬ ಸೆನ್ಸರಿನ ರೋಧ 0°ಯಲ್ಲಿ 100 ಓಮ್. ಪ್ರತಿ ಡಿಗ್ರಿಗೆ ಸುಮಾರು 0.39 ಓಮ್ ಏರುತ್ತದೆ. ಎರಡೇ ತಂತಿಯ ಜೋಡಣೆಯಲ್ಲಿ ತುಕ್ಕಿನಿಂದ 2 ಓಮ್ ಸೇರಿದರೆ ಫಲಕ 5° ಹೆಚ್ಚು ತೋರಿಸುತ್ತದೆ! ತಂತಿ ಮುಟ್ಟುವ ಮೊದಲು ಮುಖ್ಯ ಸ್ವಿಚ್ ಆರಿಸಿರಬೇಕು.

ಸೆನ್ಸರ್ ಸರಿಯಿದ್ದೂ ಹಾಲು ಬಿಸಿಯಿದ್ದರೆ ಕಂಡೆನ್ಸರಿನ ಪಟ್ಟಿಗಳತ್ತ ನೋಡಿ. ಹೊಟ್ಟು, ಧೂಳು ತುಂಬಿದರೆ ಗ್ಯಾಸ್ ಕಡಿಮೆಯಾದಂತೆಯೇ ತಂಪು ನಿಧಾನವಾಗುತ್ತದೆ. ಮೆದು ಬ್ರಷ್ಷಿನಿಂದ ಉಜ್ಜಿದರೆ ಖರ್ಚಿಲ್ಲದೆ ಕೆಲಸ ಮುಗಿಯಬಹುದು. ಫ್ಯಾನ್, ವೋಲ್ಟೇಜ್ ಕೂಡ ಸರಿಯಿರಬೇಕು.

ಇವೆಲ್ಲ ಸರಿಯಿದ್ದು, ಕೊಳವೆಯ ಕೀಲುಗಳಲ್ಲಿ ಎಣ್ಣೆ ಜಿಡ್ಡು ಕಂಡರೆ ಸಾಬೂನು ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಮುಂದಿನದು ತಂತ್ರಜ್ಞರ ಕೆಲಸ: ಬೆಸುಗೆ, ನೈಟ್ರೋಜನ್ ಒತ್ತಡದ ಪರೀಕ್ಷೆ, ನಿರ್ವಾತ ಪಂಪು, ಬಳಿಕ ಯಂತ್ರದ ಫಲಕದಲ್ಲಿ ಬರೆದ ಗ್ಯಾಸನ್ನೇ ಬರೆದಷ್ಟು ತೂಕ ತುಂಬಿಸುವುದು. ಆಮ್ಲಜನಕ ಹಾಯಿಸಿ ಪರೀಕ್ಷಿಸಲು ಯಾರನ್ನೂ ಬಿಡಬೇಡಿ; ಎಣ್ಣೆಗೆ ತಾಗಿ ಸ್ಫೋಟವಾದೀತು.

ದುರಸ್ತಿಯಾಗುವವರೆಗೆ ಹೊಸ ಹಾಲನ್ನು ಕೂಲರಿಗೆ ಸುರಿಯಬಾರದು. ಕ್ಯಾನುಗಳನ್ನು ಬಾವಿಯ ತಣ್ಣೀರಿನಲ್ಲಿ ಕುತ್ತಿಗೆವರೆಗೆ ಇಟ್ಟು, ಹಾಲಿನ ವಾಹನ ಬೇಗ ಬರುವಂತೆ ಒಕ್ಕೂಟಕ್ಕೆ ಹೇಳಿಕಳುಹಿಸಿ.