ಟೆಂಡರ್ ದಿನದ ಅಂಕಿಫಲಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಉಂಡೆ ಕೊಬ್ಬರಿ ಸಿದ್ಧವಾಗುವುದು ಅಟ್ಟದ ಮೇಲೆ. ಬಲಿತ ಕಾಯನ್ನು ಸುಲಿಯದೆ ತಿಂಗಳುಗಟ್ಟಲೆ ಅಲ್ಲಿ ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟುಕೊಂಡಿತೆ ಎಂದು ತಿಳಿಯಲು ಕಾಯನ್ನು ಒಡೆಯುವಂತಿಲ್ಲ. ಹೊತ್ತಿಗೆ ಮುಂಚೆ ಒಡೆದರೆ ಆ ಕಾಯಿ ಉಂಡೆ ಕೊಬ್ಬರಿಗೆ ಒದಗದು. ಅದನ್ನು ಅಲ್ಲಾಡಿಸಿ ಸದ್ದು ಕೇಳಬೇಕು. ಒಳಗೆ ಕೊಬ್ಬರಿ ಉರುಳಾಡಿದ ಸದ್ದಿನಿಂದಲೇ ಅನುಭವಿ ರೈತನಿಗೆ ಅದರ ಸ್ಥಿತಿ ತಿಳಿಯುತ್ತದೆ. ಒಳಗನ್ನು ಒಡೆಯದೆ ಹೊರಗಿನ ಸೂಚನೆಯಿಂದ ಅರಿಯುವ ಈ ವಿದ್ಯೆಗೂ ನಾನು ಇಂದು ಹೇಳಹೊರಟಿರುವ ಗಣಕದ ವಿಷಯಕ್ಕೂ ಹತ್ತಿರದ ನಂಟು ಉಂಟು.

ನಡೆಯುತ್ತಿರುವ ತಂತ್ರಾಂಶವೂ ಒಂದು ಮುಚ್ಚಿದ ಕಾಯಿ. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೆ ಎಂದು ನೋಡಲು ಅದನ್ನು ನಿಲ್ಲಿಸಿ ಬಿಚ್ಚುವಂತಿಲ್ಲ. ಆದಕಾರಣ ಅದು ಕ್ಷಣಕ್ಷಣಕ್ಕೂ ಕೆಲವು ಅಂಕಿಗಳನ್ನು ಹೊರಗೆಡಹುವಂತೆ ಏರ್ಪಡಿಸುತ್ತಾರೆ: ಎಷ್ಟು ಕೋರಿಕೆಗಳು ಬಂದವು, ಒಂದೊಂದಕ್ಕೆ ಉತ್ತರಿಸಲು ಎಷ್ಟು ಹೊತ್ತು ಹಿಡಿಯಿತು, ಎಷ್ಟು ವಿಫಲವಾದವು. ಪ್ರೊಮಿಥಿಯಸ್‌ನಂಥ ಸಾಧನ ಈ ಅಂಕಿಗಳನ್ನು ವೇಳೆಯೊಡನೆ ಬರೆದಿಡುತ್ತದೆ; ಗ್ರಫಾನದಂಥ ಸಾಧನ ಅವನ್ನು ಗೆರೆಗಳಾಗಿ ಪರದೆಯ ಮೇಲೆ ಮೂಡಿಸುತ್ತದೆ. ಇಂಥ ಚಿತ್ರಗಳನ್ನು ಒಂದೆಡೆ ಜೋಡಿಸಿದ ಪುಟವೇ ಡ್ಯಾಶ್‌ಬೋರ್ಡ್. ಕುದುರೆಯ ಗೊರಸಿನ ಕೆಸರು ಸಿಡಿಯದಂತೆ ಗಾಡಿಯ ಮುಂದೆ ಕಟ್ಟುತ್ತಿದ್ದ ಹಲಗೆಗೆ ಮೊದಲು ಈ ಹೆಸರಿತ್ತು. ಮೋಟಾರು ಬಂದ ಮೇಲೆ ವೇಗವನ್ನೂ ಪೆಟ್ರೋಲನ್ನೂ ತೋರಿಸುವ ಫಲಕಕ್ಕೆ ಅದೇ ಹೆಸರು ನಿಂತಿತು. ನಾನು ಅದನ್ನು ಅಂಕಿಫಲಕವೆಂದು ಕರೆಯುತ್ತೇನೆ.

ಸಾಧನಗಳೊಡನೆ ಸಿದ್ಧ ಫಲಕಗಳೂ ದೊರೆಯುತ್ತವೆ. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ಉಳಿದಿದೆ, ಡಿಸ್ಕ್ ಎಷ್ಟು ತುಂಬಿದೆ ಎಂಬುದನ್ನು ಅವು ಹೇಳುತ್ತವೆ. ಇದು ಯಂತ್ರದ ಆರೋಗ್ಯವಾಯಿತು. ಯಂತ್ರವನ್ನು ನಂಬಿದವರ ಕೆಲಸ ನಡೆಯುತ್ತಿದೆಯೆ ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಅದು ಬೇಕಾದರೆ ಫಲಕವನ್ನು ನಾವೇ ಕಟ್ಟಿಕೊಳ್ಳಬೇಕು.

ಉದಾಹರಣೆಗೆ ತಿಪಟೂರಿನ ಕೊಬ್ಬರಿ ಟೆಂಡರನ್ನೇ ತೆಗೆದುಕೊಳ್ಳೋಣ. 2014ರಲ್ಲಿ ಕರ್ನಾಟಕ ಸರ್ಕಾರವು ಎನ್‌ಸಿಡಿಇಎಕ್ಸ್ ಬಳಗದ ಸಂಸ್ಥೆಯೊಡನೆ ಕೂಡಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಕಂಪೆನಿಯನ್ನು ಸ್ಥಾಪಿಸಿತು. ಅದರ ಏಕೀಕೃತ ಮಾರುಕಟ್ಟೆ ವೇದಿಕೆಗೆ ರಾಜ್ಯದ ಕೃಷಿ ಮಾರುಕಟ್ಟೆಗಳು ಸೇರುತ್ತ ಬಂದವು; ತಿಪಟೂರೂ ಸೇರಿತು. ಈ ಪದ್ಧತಿಯಲ್ಲಿ ಮಾರುಕಟ್ಟೆಗೆ ಬಂದ ಮಾಲಿನ ಒಂದೊಂದು ಲಾಟಿಗೂ ಸಂಖ್ಯೆ ಬೀಳುತ್ತದೆ. ವರ್ತಕರು ಆ ಸಂಖ್ಯೆಗೆ ತಮ್ಮ ದರವನ್ನು ಗಣಕದಲ್ಲಿ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ವೇಳೆ ಮುಗಿದ ಮೇಲೆ ಅತಿ ಹೆಚ್ಚಿನ ದರ ಪ್ರಕಟವಾಗುತ್ತದೆ. ಅದನ್ನು ಒಪ್ಪುವುದು, ಬಿಡುವುದು ರೈತನಿಗೆ ಸೇರಿದ್ದು.

ಆ ವೇದಿಕೆಯೊಳಗೆ ಯಾವ ಫಲಕವಿದೆ ಎಂಬುದು ನನ್ನ ವಿಷಯವಲ್ಲ. ಇಂಥ ಟೆಂಡರಿಗೆ ತಕ್ಕ ಫಲಕವನ್ನು ಕಟ್ಟುವುದಾದರೆ ಹೇಗೆ ಎಂಬುದಷ್ಟೇ ಇಲ್ಲಿನ ವಿಚಾರ. ಕಟ್ಟುವವನು ಮೊದಲು ಪ್ರಶ್ನೆಯನ್ನು ಬರೆದುಕೊಳ್ಳಬೇಕು. ನನ್ನ ಪ್ರಶ್ನೆ ಹೀಗಿದ್ದೀತು: ಗಡುವು ಮುಗಿಯುವ ಮುನ್ನ ಬಂದ ಪ್ರತಿಯೊಂದು ದರವೂ ದಾಖಲಾಗುತ್ತಿದೆಯೆ? ಕ್ವಿಂಟಲಿಗೆ 500 ರೂಪಾಯಿ ಹೆಚ್ಚಿನ ದರವೊಂದು ದಾರಿಯಲ್ಲೇ ತಪ್ಪಿಹೋದರೆ ಹತ್ತು ಕ್ವಿಂಟಲಿನ ರೈತನಿಗೆ 5,000 ರೂಪಾಯಿ ನಷ್ಟ. ಅಂಥ ದರವೊಂದು ಇತ್ತೆಂಬುದೇ ಅವನಿಗೆ ತಿಳಿಯುವುದಿಲ್ಲ.

ಈ ಪ್ರಶ್ನೆಗೆ ನಾಲ್ಕು ಚಿತ್ರಗಳು ಸಾಕು. ಮೊದಲನೆಯದರಲ್ಲಿ ಎರಡು ಗೆರೆಗಳು: ನಿಮಿಷಕ್ಕೆ ಬಂದ ದರಗಳು, ನಿಮಿಷಕ್ಕೆ ದಾಖಲಾದ ದರಗಳು. ಎರಡೂ ಒಂದಾಗಿ ಸಾಗಿದರೆ ಕ್ಷೇಮ. ನಡುವೆ ಬಿರುಕು ಕಂಡರೆ ಅಪಾಯ. ಎರಡನೆಯದು, ಉತ್ತರಕ್ಕೆ ಹಿಡಿದ ಹೊತ್ತು. ಮೂರನೆಯದು, ವಿಫಲವಾದ ನಮೂದುಗಳು. ನಾಲ್ಕನೆಯದು, ಇನ್ನೂ ಒಂದು ದರವನ್ನೂ ಕಾಣದ ಲಾಟುಗಳ ಸಂಖ್ಯೆ. ಮೇಲ್ಭಾಗದಲ್ಲಿ ಮಾರುಕಟ್ಟೆಯ ಹೆಸರನ್ನು ಆಯ್ದುಕೊಳ್ಳುವ ಪಟ್ಟಿಯಿದ್ದರೆ ಒಂದೇ ಫಲಕ ತಿಪಟೂರಿಗೂ ಆಗುತ್ತದೆ, ಅರಸೀಕೆರೆಗೂ ಆಗುತ್ತದೆ. ಹೋಲಿಕೆಗೆ ನಿನ್ನೆಯ ಗೆರೆಯನ್ನು ಎಳೆಯಬಾರದು. ನಿನ್ನೆ ಟೆಂಡರೇ ಇದ್ದಿರಲಾರದು. ಹಿಂದಿನ ಟೆಂಡರ್ ದಿನದ ಅದೇ ಹೊತ್ತಿನ ಗೆರೆ ಬೇಕು.

ಎರಡನೆಯ ಚಿತ್ರದ ಬಗೆಗೆ ಒಂದು ಎಚ್ಚರಿಕೆ. ಅಲ್ಲಿ ಸರಾಸರಿಯನ್ನು ನೆಚ್ಚಬಾರದು. ನೂರು ನಮೂದುಗಳಲ್ಲಿ 95 ಒಂದೊಂದು ಸೆಕೆಂಡಿನಲ್ಲಿಯೂ ಉಳಿದ ಐದು ನಲವತ್ತು ನಲವತ್ತು ಸೆಕೆಂಡಿನಲ್ಲಿಯೂ ಮುಗಿದವೆನ್ನಿ. ಸರಾಸರಿ ಮೂರು ಸೆಕೆಂಡಿಗೂ ಕಡಮೆ ಬರುತ್ತದೆ. ಫಲಕ ಎಲ್ಲವೂ ಚೆನ್ನವೆನ್ನುತ್ತದೆ. ಗಡುವಿಗೆ ಅರ್ಧ ನಿಮಿಷವಿದ್ದಾಗ ಆ ಐವರ ದರಗಳು ಒಳಗೆ ಸೇರುವುದೇ ಇಲ್ಲ. ಪೇಟೆ ಧಾರಣೆ ಹೇಳುವಾಗ ಕನಿಷ್ಠ, ಗರಿಷ್ಠ, ಮಾದರಿ ದರಗಳನ್ನು ಬೇರೆಬೇರೆಯಾಗಿ ಹೇಳುವುದುಂಟು. ಒಂದೇ ಅಂಕಿ ಎಲ್ಲರ ಕಥೆಯನ್ನು ಹೇಳಲಾರದೆಂಬುದು ಪೇಟೆಗೆ ಮೊದಲೇ ಗೊತ್ತು. ಹಾಗೆಯೇ ಇಲ್ಲಿಯೂ ನೂರರಲ್ಲಿ ಅತಿ ನಿಧಾನವಾದ ಐದರ ಗತಿಯನ್ನು ಪ್ರತ್ಯೇಕ ಗೆರೆಯಾಗಿ ತೋರಿಸಬೇಕು.

ಇನ್ನೊಂದು ಸೂಕ್ಷ್ಮ ಸೊನ್ನೆಯದು. ವಿಫಲ ನಮೂದುಗಳು ಸೊನ್ನೆ ಎಂದು ಫಲಕ ತೋರಿಸಿದರೆ ಅದಕ್ಕೆ ಎರಡು ಅರ್ಥ ಸಾಧ್ಯ: ಯಾವುದೂ ವಿಫಲವಾಗಿಲ್ಲ, ಇಲ್ಲವೆ ಎಣಿಸುವ ಭಾಗವೇ ನಿಂತುಹೋಗಿದೆ. ಅಂಕಿ ಬಾರದಿದ್ದಾಗ ‘ಮಾಹಿತಿಯಿಲ್ಲ’ ಎಂದು ಬೇರೆ ಬಣ್ಣದಲ್ಲಿ ಕಾಣುವಂತೆ ಕಟ್ಟುವುದು ಜಾಣತನ. ಸದ್ದಿಲ್ಲದ ಕಾಯಿ ಹಸಿಯಾಗಿರಬಹುದು, ಕೆಟ್ಟೂ ಇರಬಹುದು.

ಕೊನೆಯದಾಗಿ, ಫಲಕವನ್ನು ಎಲ್ಲಿ ಇಡಬೇಕು? ದೂರದ ನಗರದ ತಂತ್ರಜ್ಞನ ಮುಂದೆ ಮಾತ್ರ ಇದ್ದರೆ ಸಾಲದು. ಗೆರೆಗಳ ನಡುವೆ ಬಿರುಕು ಕಂಡೊಡನೆ ಟೆಂಡರಿನ ವೇಳೆಯನ್ನು ವಿಸ್ತರಿಸುವ ಅಧಿಕಾರ ಯಾರಿಗಿದೆಯೋ ಅವರ ಕಣ್ಣಮುಂದೆಯೂ ಅದು ಇರಬೇಕು. ಯಾವ ಗೆರೆ ಎಷ್ಟು ಬಿರಿದರೆ ಏನು ಮಾಡಬೇಕೆಂಬುದು ಮೊದಲೇ ನಿಶ್ಚಯವಾಗಿರಬೇಕು. ಗಡುವು ಕಳೆದ ಮೇಲೆ ಬಿರುಕನ್ನು ಕಂಡರೆ ವರದಿ ಬರೆಯಬಹುದು. ಆ ದಿನದ ರೈತನಿಗೆ ಅದರಿಂದ ಫಲವಿಲ್ಲ.