ವಿಪತ್ತು ಮತ್ತು ಧರ್ಮೋಪದೇಶ

ಪ್ರಕೃತಿವಿಕೋಪವು ಒದಗಿದಾಗ ಅದಕ್ಕೆ ಕಾರಣವನ್ನು ಅರಸುವುದು ಮಾನವಸಹಜವಾದ ಪ್ರವೃತ್ತಿ. ಆದರೆ ಆ ಕಾರಣವನ್ನು ತನ್ನ ಮತಕ್ಕೋ ಪಕ್ಷಕ್ಕೋ ಅನುಕೂಲವಾಗುವಂತೆ ನಿರೂಪಿಸುವುದು ಬೇರೆಯೇ ಮಾತು. ಈ ಪ್ರಲೋಭನೆಗೆ ಸ್ವಾರ್ಥಿಗಳು ಮಾತ್ರವಲ್ಲ, ಮಹಾತ್ಮರೂ ಒಳಗಾಗಬಲ್ಲರೆಂಬುದಕ್ಕೆ 1934ರ ಬಿಹಾರ ಭೂಕಂಪದ ಪ್ರಸಂಗವು ನಿದರ್ಶನವಾಗಿದೆ.

ಆ ವರ್ಷದ ಜನವರಿ 15ರ ಮಧ್ಯಾಹ್ನ ಉತ್ತರ ಬಿಹಾರ ಹಾಗೂ ನೇಪಾಳಗಳಲ್ಲಿ ಭೂಮಿ ನಡುಗಿತು. ಮುಂಗೇರ್, ಮುಜಫ್ಫರಪುರ ಮೊದಲಾದ ಪಟ್ಟಣಗಳು ಹಾಳಾದವು. 10,000ಕ್ಕೂ ಮಿಕ್ಕಿ ಜನರು ಅಸುನೀಗಿದರು. ಆಗ ಅಸ್ಪೃಶ್ಯತಾ ನಿವಾರಣೆಗಾಗಿ ದಕ್ಷಿಣ ಭಾರತದಲ್ಲಿ ಸಂಚರಿಸುತ್ತಿದ್ದ ಗಾಂಧೀಜಿಯವರು, ಈ ಅನಾಹುತವು ಅಸ್ಪೃಶ್ಯತೆಯೆಂಬ ಪಾಪಕ್ಕೆ ದೇವರು ವಿಧಿಸಿದ ದಂಡನೆಯೆಂದು ಸಾರಿದರು.

ಅಸ್ಪೃಶ್ಯತೆಯನ್ನು ಖಂಡಿಸುವುದರಲ್ಲಿ ಗಾಂಧೀಜಿಯವರೊಡನೆ ಏಕಾಭಿಪ್ರಾಯವುಳ್ಳವರಾಗಿದ್ದ ರವೀಂದ್ರನಾಥ ಠಾಕೂರರು ಈ ಮಾತನ್ನು ಮಾತ್ರ ಒಪ್ಪಲಿಲ್ಲ. ಭೌತಿಕ ಘಟನೆಗೆ ಭೌತಿಕ ಕಾರಣವೇ ಇರತಕ್ಕದ್ದು. ಇಂತಹ ವಾದವು ಗಾಂಧೀಜಿಯವರಿಗಿಂತ ಅವರ ವಿರೋಧಿಗಳಿಗೇ ಹೆಚ್ಚು ಒಪ್ಪುತ್ತದೆ ಎಂಬುದು ಅವರ ಆಕ್ಷೇಪಣೆಯ ಸಾರ. ಗಾಂಧೀಜಿಯವರು ಆ ಆಕ್ಷೇಪಣೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ತಮ್ಮ ನಂಬಿಕೆಯನ್ನು ಪ್ರಮಾಣಪೂರ್ವಕವಾಗಿ ಸಾಧಿಸಲಾಗದೆಂದು ಒಪ್ಪಿಕೊಂಡರೂ ಅದನ್ನು ಬಿಟ್ಟುಕೊಡಲಿಲ್ಲ.

ಠಾಕೂರರ ಎಚ್ಚರಿಕೆಯು ಇಂದಿಗೂ ಮನನೀಯವಾದುದು. ಭಾರತದ ಭೂಫಲಕವು ಉತ್ತರಕ್ಕೆ ಸರಿಯುತ್ತ ಹಿಮಾಲಯದ ಅಡಿಗೆ ಒತ್ತುವುದರಿಂದ ಆ ಪ್ರದೇಶದಲ್ಲಿ ಭೂಕಂಪಗಳುಂಟಾಗುತ್ತವೆ. ಕುಸಿಯುವ ಗೋಡೆಯು ಪಾಪಿಯನ್ನೂ ಪಾಪಕ್ಕೆ ಬಲಿಯಾದವನನ್ನೂ ಬೇರ್ಪಡಿಸಿ ನೋಡುವುದಿಲ್ಲ; ಅಸ್ಪೃಶ್ಯತೆಯನ್ನು ಆಚರಿಸಿದವನ ಮೇಲೆಯೂ ಬೀಳುತ್ತದೆ, ಅದರಿಂದ ನೊಂದವನ ಮೇಲೆಯೂ ಬೀಳುತ್ತದೆ. ಇಂದು ಸುಧಾರಕನು ಕಂಡ ದೈವದಂಡನೆಯನ್ನು ನಾಳೆ ಸುಧಾರಣೆಯ ವಿರೋಧಿಯೂ ತನಗೆ ಸಾಕ್ಷಿಯಾಗಿ ಕರೆಯಬಹುದು. ಸತ್ಯವಾದ ಪಕ್ಷಕ್ಕೆ ಇಂತಹ ಸಾಕ್ಷಿಯ ಅಗತ್ಯವೇ ಇಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರನ್ನು ಹಿರಿಯರೆಂದು ಗೌರವಿಸಿದುದು ದೈವಕೋಪದ ಭಯದಿಂದಲ್ಲ. ಹುಟ್ಟಿನಿಂದ ಯಾರೂ ಹೀನರಲ್ಲವೆಂಬ ಅರಿವಿನಿಂದ. ಭಯದಿಂದ ಒಪ್ಪಿದ ಸಮತೆಯು ಭಯ ಕಳೆದೊಡನೆ ಕಳೆದುಹೋಗುತ್ತದೆ. ಅರಿವಿನಿಂದ ಬಂದುದು ನಿಲ್ಲುತ್ತದೆ.

ಆ ಪ್ರಸಂಗದ ಉತ್ತರಾರ್ಧವನ್ನೂ ನೆನೆಯಬೇಕು. ಸೆರೆಮನೆಯಿಂದ ಆಗತಾನೆ ಬಿಡುಗಡೆಯಾದ ರಾಜೇಂದ್ರಪ್ರಸಾದರು ಅನಾರೋಗ್ಯವನ್ನೂ ಲೆಕ್ಕಿಸದೆ ಪರಿಹಾರಕಾರ್ಯದ ಹೊಣೆ ಹೊತ್ತರು. ಮಾರ್ಚ್ ತಿಂಗಳಿನಲ್ಲಿ ಗಾಂಧೀಜಿಯವರೂ ಬಿಹಾರಕ್ಕೆ ತೆರಳಿ ಸಂತ್ರಸ್ತರ ನಡುವೆ ಸಂಚರಿಸಿದರು. ಮನೆ ಕಳೆದುಕೊಂಡವನಿಗೆ ಅವನ ಪಾಪದ ಲೆಕ್ಕವನ್ನು ಒಪ್ಪಿಸುವುದು ಧರ್ಮವಲ್ಲ. ಅನ್ನ, ಆಸರೆಗಳನ್ನು ನೀಡುವ ದಾಸೋಹವೇ ಅಲ್ಲಿ ಸಲ್ಲುವ ಧರ್ಮ.